ಕ್ಲೇ ಅದೇ, ತೂಕವೂ ಅದೇ: ಉಂಡೆ ಮುಳುಗುತ್ತದೆ, ಬಟ್ಟಲು ತೇಲುತ್ತದೆ. ಸಾಂದ್ರತೆ ಎಂದರೆ ಸಾಕೇ?

ಪ್ರಶ್ನೆ ಇಟ್ಟವರು

ಎಲ್ಲರಿಗೂ ನಮಸ್ಕಾರ. ಐದನೆಯ ತರಗತಿಯ ಮಗಳಿಗೆ ತೇಲುವ ಮತ್ತು ಮುಳುಗುವ ವಸ್ತುಗಳ ಪಾಠ ಹೇಳಿಕೊಡಲು ಕುಳಿತು ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂದು ಅವಳು ಹೇಳಿದಳು. ದೊಡ್ಡ ಮರದ ದಿಮ್ಮಿ ತೇಲುತ್ತದೆ, ಸಣ್ಣ ಗುಂಡುಸೂಜಿ ಮುಳುಗುತ್ತದೆ, ಆದ್ದರಿಂದ ನೋಡಬೇಕಾದದ್ದು ಬರಿಯ ತೂಕವನ್ನಲ್ಲ, ಸಾಂದ್ರತೆಯನ್ನು, ಅಂದರೆ ಇಷ್ಟು ಗಾತ್ರದೊಳಗೆ ಎಷ್ಟು ದ್ರವ್ಯ ಅಡಕವಾಗಿದೆ ಎಂಬುದನ್ನು ಎಂದು ನಾನು ತಿದ್ದಿದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಆಮೇಲೆ ಅವಳು ಆಟದ ಕ್ಲೇಯ ಒಂದು ಉಂಡೆಯನ್ನು ನೀರಿಗೆ ಹಾಕಿದಳು. ಅದು ನೇರವಾಗಿ ತಳ ಸೇರಿತು. ಅದನ್ನೇ ಹೊರತೆಗೆದು, ಒರೆಸಿ, ತಟ್ಟಿ, ಸುತ್ತಲೂ ಅಂಚು ಎತ್ತಿ ಬಟ್ಟಲಿನಂತೆ ಮಾಡಿ ನೀರಿನ ಮೇಲೆ ಬಿಟ್ಟಳು, ಅದು ತೇಲಿತು. "ಕ್ಲೇ ಅದೇ ಅಲ್ವಾ ಅಪ್ಪ, ಸಾಂದ್ರತೆ ಹೇಗೆ ಬದಲಾಯ್ತು?" ಎಂದು ಕೇಳಿದಳು. ಕ್ಲೇಯ ಸಾಂದ್ರತೆ ಬದಲಾಗಿಲ್ಲ ಎಂಬುದು ನನಗೂ ಗೊತ್ತು. ಒಳಗೆ ಗಾಳಿ ಇದೆಯಲ್ಲ ಎಂದು ಏನೋ ಹೇಳಿ ಜಾರಿಕೊಂಡೆ. ಆದರೆ ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ನೀರು ಒಂದು ವಸ್ತುವನ್ನು ಮೇಲಕ್ಕೆ ತಳ್ಳುವುದು ಹೇಗೆ, ಎಷ್ಟು ತಳ್ಳಬೇಕೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಬಲ್ಲವರು ದಯವಿಟ್ಟು ವಿವರಿಸಬೇಕು.

ಹಳೆಯ ಸದಸ್ಯ

ನಿಮ್ಮ ಉತ್ತರ ತಪ್ಪಲ್ಲ, ಅರ್ಧಕ್ಕೆ ನಿಂತಿದೆ, ಅಷ್ಟೆ. ಬಟ್ಟಲಿನ ಸಾಂದ್ರತೆಯನ್ನು ಲೆಕ್ಕ ಹಾಕುವಾಗ ಕ್ಲೇಯ ಗಾತ್ರವನ್ನು ಮಾತ್ರ ತೆಗೆದುಕೊಳ್ಳಬಾರದು. ಅದರ ಅಂಚಿನವರೆಗಿನ ಒಳಜಾಗವನ್ನೂ ಸೇರಿಸಿ, ಒಟ್ಟು ತೂಕವನ್ನು ಒಟ್ಟು ಗಾತ್ರದಿಂದ ಭಾಗಿಸಬೇಕು. ಹಾಗೆ ಬರುವ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆಯಾದರೆ ವಸ್ತು ತೇಲುತ್ತದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.85 ಗ್ರಾಂ ತೂಗಿದರೂ ಉಕ್ಕಿನ ಹಡಗು ತೇಲುವುದು ಇದೇ ಕಾರಣಕ್ಕೆ. ಒಳಗಿರುವ ಗಾಳಿ ಹಗುರ, ಅದು ಹಡಗನ್ನು ಎತ್ತಿ ಹಿಡಿಯುತ್ತದೆ.

ಸಂದೇಹಿ

ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಬಟ್ಟಲಿನ ಬಾಯಿ ತೆರೆದಿದೆ. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ನಡುವೆ ಗೋಡೆಯೇ ಇಲ್ಲ. ಬೀಸುವ ಗಾಳಿ ಒಳಗಿನದನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತದೆ. ಹೀಗಿರುವಾಗ ಆ ಗಾಳಿ ಬಟ್ಟಲನ್ನು ಯಾವ ಕೈಯಿಂದ ಹಿಡಿದು ಎತ್ತುತ್ತದೆ? ಇನ್ನು ಸಾಂದ್ರತೆ ಕಡಿಮೆಯಾದರೆ ತೇಲುತ್ತದೆ ಎಂಬುದು ನಿಯಮವಾಯಿತೇ ಹೊರತು ಕಾರಣವಾಗಲಿಲ್ಲ. ಪ್ರಶ್ನೆ ಕೇಳಿದವರು ಕಾರಣವನ್ನು ಕೇಳಿದ್ದಾರೆ.

ಭೌತಶಾಸ್ತ್ರ ಬೋಧಕಿ

ಸಂದೇಹಿಯವರ ಆಕ್ಷೇಪ ಸರಿಯಾಗಿದೆ, ಇಪ್ಪತ್ತು ವರ್ಷಗಳಿಂದ ಈ ಪಾಠ ಮಾಡುತ್ತಿರುವ ನಾನು ಪ್ರತಿ ವರ್ಷವೂ ಇದೇ ಜಾಗದಲ್ಲಿ ವಿದ್ಯಾರ್ಥಿಗಳು ಎಡವುವುದನ್ನು ನೋಡಿದ್ದೇನೆ. ಗಾಳಿ ಏನನ್ನೂ ಎತ್ತುತ್ತಿಲ್ಲ. ಅದಕ್ಕೂ ತೂಕವಿದೆ, ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಕುಗ್ಗದಷ್ಟು ಗಟ್ಟಿಯಾದ ಡಬ್ಬಿಯೊಂದರ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ನೀರಿಗೆ ಬಿಟ್ಟರೆ ಅದು ಮೊದಲಿಗಿಂತ ಕೂದಲೆಳೆಯಷ್ಟು ಮೇಲೆಯೇ ತೇಲುತ್ತದೆ. ಬಟ್ಟಲಿನ ಒಳಜಾಗಕ್ಕೆ ಬೆಲೆ ಇರುವುದು ಅಲ್ಲಿ ಗಾಳಿ ಇದೆ ಎಂಬ ಕಾರಣಕ್ಕಲ್ಲ, ಅಲ್ಲಿ ನೀರು ಇಲ್ಲ ಎಂಬ ಕಾರಣಕ್ಕೆ. ಆ ನೀರನ್ನು ಹೊರಗೆ ತಡೆದು ನಿಲ್ಲಿಸಿರುವುದು ಕ್ಲೇಯ ಗೋಡೆ.

ಈಗ ಕಾರಣಕ್ಕೆ ಬರೋಣ. ಎಲ್ಲದರ ಮೂಲ ಇರುವುದು ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬ ಒಂದೇ ಸಂಗತಿಯಲ್ಲಿ. ಮೇಲಿರುವ ನೀರಿನ ಭಾರವನ್ನು ಕೆಳಗಿನ ನೀರು ಹೊರಬೇಕು, ಆದ್ದರಿಂದ ಕೆಳಗೆ ಹೋದಷ್ಟೂ ಅದು ಹೆಚ್ಚು ಬಲದಿಂದ ಎಲ್ಲ ದಿಕ್ಕಿಗೂ ಒತ್ತುತ್ತದೆ. ಪ್ರತಿ ಬದಿಯೂ 10 ಸೆಂಟಿಮೀಟರ್ ಇರುವ ಒಂದು ಘನಾಕೃತಿಯನ್ನು, ಅದರ ಮೇಲ್ಮುಖ 10 ಸೆಂಟಿಮೀಟರ್ ಆಳದಲ್ಲಿಯೂ ತಳಮುಖ 20 ಸೆಂಟಿಮೀಟರ್ ಆಳದಲ್ಲಿಯೂ ಇರುವಂತೆ ನೀರಿನಲ್ಲಿ ಮುಳುಗಿಸಿ ಹಿಡಿದಿದ್ದೇವೆ ಎಂದುಕೊಳ್ಳಿ. ಒಂದು ಚದರ ಸೆಂಟಿಮೀಟರ್ ಮೇಲೆ ನಿಂತ 10 ಸೆಂಟಿಮೀಟರ್ ಎತ್ತರದ ನೀರಿನ ಕಂಬ 10 ಗ್ರಾಂ ತೂಗುತ್ತದೆ. ಮೇಲ್ಮುಖದಲ್ಲಿ ಅಂತಹ 100 ಚದರ ಸೆಂಟಿಮೀಟರ್‌ಗಳಿವೆ, ಆದ್ದರಿಂದ ಅದನ್ನು ಕೆಳಕ್ಕೆ ಒತ್ತುವ ಬಲ 1 ಕಿಲೋಗ್ರಾಂ ಭಾರಕ್ಕೆ ಸಮ. ತಳಮುಖ ಇರುವಲ್ಲಿ ಒತ್ತಡ ಇಮ್ಮಡಿ, ಆದ್ದರಿಂದ ಅದನ್ನು ಮೇಲಕ್ಕೆ ಒತ್ತುವ ಬಲ 2 ಕಿಲೋಗ್ರಾಂ ಭಾರಕ್ಕೆ ಸಮ. ಪಕ್ಕದ ನಾಲ್ಕು ಮುಖಗಳ ಮೇಲಿನ ಒತ್ತಡಗಳು ಎದುರುಬದುರಾಗಿ ಒಂದನ್ನೊಂದು ಕಳೆದುಕೊಳ್ಳುತ್ತವೆ. ಉಳಿದದ್ದು 1 ಕಿಲೋಗ್ರಾಂ ಭಾರದಷ್ಟು ಮೇಲ್ಮುಖ ಬಲ, ಅಂದರೆ ಮೇಲಕ್ಕೆ ತಳ್ಳುವ ಬಲ. ಆ ಘನಾಕೃತಿಯ ಗಾತ್ರ ಒಂದು ಲೀಟರ್. ಒಂದು ಲೀಟರ್ ನೀರಿನ ತೂಕ 1 ಕಿಲೋಗ್ರಾಂ. ಲೆಕ್ಕ ತಾಳೆಯಾಯಿತು.

ಅದನ್ನೇ ಇನ್ನೂ ಕೆಳಕ್ಕೆ, ಮೇಲ್ಮುಖ ಒಂದು ಮೀಟರ್ ಆಳದಲ್ಲಿರುವಂತೆ ಒಯ್ದರೆ, ಮೇಲಿನಿಂದ ಒತ್ತುವುದು 10 ಕಿಲೋಗ್ರಾಂ, ಕೆಳಗಿನಿಂದ ಒತ್ತುವುದು 11 ಕಿಲೋಗ್ರಾಂ. ವ್ಯತ್ಯಾಸ ಮತ್ತೆ ಒಂದೇ. ಹೀಗಾಗಿ ಪೂರ್ತಿ ಮುಳುಗಿದ ವಸ್ತುವಿನ ಮೇಲಿನ ಮೇಲ್ಮುಖ ಬಲ, ಪಠ್ಯಪುಸ್ತಕಗಳು ಪ್ಲವನ ಬಲ ಎಂದು ಕರೆಯುವುದು, ಆಳವನ್ನು ಅವಲಂಬಿಸುವುದಿಲ್ಲ.

ಪ್ರಶ್ನೆ ಇಟ್ಟವರು

ಮೇಡಂ, ಘನಾಕೃತಿಯ ಲೆಕ್ಕ ಸ್ಪಷ್ಟವಾಯಿತು, ಧನ್ಯವಾದಗಳು. ಆದರೆ ಉಂಡೆ, ಬಟ್ಟಲು, ಸೊಟ್ಟ ಕಲ್ಲು ಇವುಗಳಿಗೆ ಮೇಲ್ಮುಖ, ತಳಮುಖ ಎಂದು ಬೇರ್ಪಡಿಸುವುದು ಹೇಗೆ? ಪ್ರತಿಯೊಂದು ಆಕಾರಕ್ಕೂ ಬೇರೆ ಲೆಕ್ಕ ಹಾಕಬೇಕಾಗುತ್ತದೆಯೇ?

ಭೌತಶಾಸ್ತ್ರ ಬೋಧಕಿ

ಬೇಡ. ಇಲ್ಲಿ ಒಂದು ಜಾಣತನದ ಒಳದಾರಿ ಇದೆ, ಅದು ನನಗೆ ಇಡೀ ಪಾಠದಲ್ಲಿಯೇ ಅತ್ಯಂತ ಪ್ರಿಯವಾದ ಭಾಗ. ಅಲುಗಾಡದೆ ನಿಂತ ನೀರಿನ ನಡುವೆ, ಸೊಟ್ಟ ಕಲ್ಲಿನದೇ ಆಕಾರದ ಒಂದು ನೀರಿನ ತುಂಡನ್ನು ಮನಸ್ಸಿನಲ್ಲಿಯೇ ಗೆರೆ ಎಳೆದು ಗುರುತಿಸಿಕೊಳ್ಳಿ. ಅದಕ್ಕೆ ತೂಕವಿದೆ, ಆದರೂ ಅದು ಕೆಳಕ್ಕೆ ಇಳಿಯುತ್ತಿಲ್ಲ, ಮೇಲಕ್ಕೆ ಏರುತ್ತಿಲ್ಲ. ಅಂದಮೇಲೆ ಸುತ್ತಲಿನ ನೀರು ಅದನ್ನು ಅದರ ತೂಕಕ್ಕೆ ಸರಿಸಮನಾದ ಬಲದಿಂದಲೇ ಮೇಲಕ್ಕೆ ಹಿಡಿದಿರಬೇಕು. ಈಗ ಆ ನೀರಿನ ತುಂಡನ್ನು ತೆಗೆದು, ಅದೇ ಆಕಾರದ ಕಲ್ಲನ್ನು ಅಲ್ಲಿ ಕೂರಿಸಿ. ಸುತ್ತಲಿನ ನೀರಿಗೆ ತಾನು ಯಾವುದನ್ನು ತಳ್ಳುತ್ತಿದ್ದೇನೆ ಎಂಬ ಅರಿವಿಲ್ಲ. ಮೊದಲು ನೀರಿನ ತುಂಡನ್ನು ಎಷ್ಟು ತಳ್ಳುತ್ತಿತ್ತೋ ಈಗ ಕಲ್ಲನ್ನೂ ಅಷ್ಟೇ ತಳ್ಳುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಾಕ್ಯೂಸ್‌ನ ಆರ್ಕಿಮಿಡೀಸ್ ಹೇಳಿದ ತತ್ತ್ವ ಇದೇ: ದ್ರವದಲ್ಲಿರುವ ವಸ್ತುವಿನ ಮೇಲಿನ ಮೇಲ್ಮುಖ ಬಲ ಅದು ಸರಿಸಿದ ದ್ರವದ ತೂಕಕ್ಕೆ ಸಮ.

ನಿಮ್ಮ ಪ್ರಶ್ನೆಯಲ್ಲಿ "ನೀರಿಗೆ ತಿಳಿಯುವುದಾದರೂ ಹೇಗೆ" ಎಂದಿತ್ತು. ಅದಕ್ಕೆ ಏನೂ ತಿಳಿಯಬೇಕಾಗಿಲ್ಲ, ಮೊದಲಿನಂತೆಯೇ ಇದ್ದರೆ ಸಾಕು.

ಇದನ್ನು ಮಗಳ ಕಣ್ಣಿಗೇ ಕಾಣಿಸಬೇಕಾದರೆ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯೊಂದು ಸಾಕು. ನೀರು ತುಂಬಿದ ಪಾತ್ರೆಯನ್ನು ಅದರ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕ್ಲೇಯ ಉಂಡೆಯನ್ನು ದಾರಕ್ಕೆ ಕಟ್ಟಿ, ತಳವನ್ನಾಗಲಿ ಪಕ್ಕವನ್ನಾಗಲಿ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ನೀರು ಉಂಡೆಯನ್ನು ಮೇಲಕ್ಕೆ ತಳ್ಳಿದರೆ, ಉಂಡೆ ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳಲೇಬೇಕು. ತಕ್ಕಡಿ ಆ ಬಲವನ್ನು ಗ್ರಾಂಗಳಲ್ಲಿ ತೋರಿಸುತ್ತದೆ. ಅದೇ ಕ್ಲೇಯನ್ನು ಬಟ್ಟಲು ಮಾಡಿ ತೇಲಿಬಿಟ್ಟು ಮತ್ತೆ ಓದಿ. ಅಂಕಿಗಳನ್ನು ಇಲ್ಲಿ ಬರೆಯಿರಿ.

ಸಂದೇಹಿ

ಅಲ್ಲಿಯವರೆಗೆ ಒಂದು ಉಪಪ್ರಶ್ನೆ. ಆಳಕ್ಕೆ ಹೋದಂತೆ ಒತ್ತಡ ಹೆಚ್ಚುತ್ತದೆ ಎಂದಮೇಲೆ, ಸಾಗರದ ಅತಿ ಆಳದಲ್ಲಿ ನೀರು ಒತ್ತಿ ಒತ್ತಿ ಎಷ್ಟು ಸಾಂದ್ರವಾಗಿರುತ್ತದೆಯೆಂದರೆ ಮುಳುಗಿದ ಹಡಗುಗಳು ತಳ ಸೇರದೆ ನಡುವೆಯೇ ತೂಗಾಡುತ್ತಿರುತ್ತವೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಈ ಲೆಕ್ಕದ ಪ್ರಕಾರ ಅದು ಸಾಧ್ಯವಿರಬೇಕಲ್ಲವೇ?

ನಿವೃತ್ತ ನೌಕಾ ಎಂಜಿನಿಯರ್

ಆ ಕಥೆ ನಾವಿಕರ ನಡುವೆಯೂ ಬಹಳ ಹಳೆಯದು, ಆದರೆ ನಿಜವಲ್ಲ. ನೀರು ಒತ್ತಡಕ್ಕೆ ಸುಲಭವಾಗಿ ಮಣಿಯುವ ವಸ್ತುವಲ್ಲ. ಸುಮಾರು 11 ಕಿಲೋಮೀಟರ್ ಆಳದಲ್ಲಿಯೂ, ಅಲ್ಲಿ ಒತ್ತಡ ಮೇಲ್ಮೈಯದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚಿದ್ದರೂ, ಸಮುದ್ರದ ನೀರಿನ ಸಾಂದ್ರತೆ ಹೆಚ್ಚುವುದು ಶೇ. 5ರ ಆಸುಪಾಸಿನಲ್ಲಿ ಮಾತ್ರ. ಉಕ್ಕಿನ ಸಾಂದ್ರತೆ ನೀರಿನ ಎಂಟು ಪಟ್ಟಿಗೆ ಹತ್ತಿರ. ಒಮ್ಮೆ ನೀರು ತುಂಬಿಕೊಂಡ ಉಕ್ಕಿನ ಒಡಲನ್ನು ದಾರಿಯಲ್ಲಿ ತಡೆದು ನಿಲ್ಲಿಸುವಂಥದ್ದು ಏನೂ ಇಲ್ಲ. 1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್ ಸುಮಾರು 3,800 ಮೀಟರ್ ಆಳದ ತಳದಲ್ಲಿ ಬಿದ್ದಿದೆ.

ಮಣಿಯುವುದು ನೀರಲ್ಲ, ಗಾಳಿ. ಒಳಗೆ ಗಾಳಿ ಹಿಡಿದಿಟ್ಟುಕೊಂಡ ವಸ್ತು ಕೆಳಕ್ಕೆ ಹೋದಂತೆ ಆ ಗಾಳಿ ಹಿಂಡಿಹೋಗಿ, ವಸ್ತು ಸರಿಸುವ ನೀರು ಕಡಿಮೆಯಾಗಿ, ಅದು ಇನ್ನಷ್ಟು ವೇಗವಾಗಿ ಮುಳುಗುತ್ತದೆ. ಅಂದರೆ ಕಥೆಯಲ್ಲಿ ಹೇಳಿದ್ದಕ್ಕೆ ತೀರಾ ವಿರುದ್ಧ. ಪೆನ್ನಿನ ಕ್ಯಾಪಿನ ತುದಿಯ ತೂತನ್ನು ಮುಚ್ಚಿ, ಬಾಯಿಯ ಅಂಚಿಗೆ, ಬಾಯಿ ಮುಚ್ಚದಂತೆ, ಸ್ವಲ್ಪ ಕ್ಲೇ ಮೆತ್ತಿ, ಒಳಗೊಂದು ಗಾಳಿಗುಳ್ಳೆ ಉಳಿಯುವಂತೆ, ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ತೇಲಿಬಿಟ್ಟು ಬಾಟಲಿಯ ಮುಚ್ಚಳ ಬಿಗಿಮಾಡಿ. ಬಾಟಲಿಯನ್ನು ಹಿಸುಕಿದರೆ ಕ್ಯಾಪ್ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಗಮನವಿಟ್ಟು ನೋಡಿದರೆ ಹಿಸುಕಿದಾಗ ಕ್ಯಾಪಿನೊಳಗೆ ನೀರು ಒಂದೆರಡು ಮಿಲಿಮೀಟರ್ ಮೇಲೇರುವುದೂ ಕಾಣುತ್ತದೆ. ಜಲಾಂತರ್ಗಾಮಿಗಳು ಮುಳುಗುವುದಕ್ಕೂ ಏಳುವುದಕ್ಕೂ ಬ್ಯಾಲಸ್ಟ್ ಟ್ಯಾಂಕುಗಳಿಗೆ ನೀರು ತುಂಬುತ್ತವೆ, ಖಾಲಿ ಮಾಡುತ್ತವೆ. ಅಲ್ಲಿ ಬದಲಾಗುವುದು ಆಕಾರವಲ್ಲ, ತೂಕ.

ಪ್ರಶ್ನೆ ಇಟ್ಟವರು

ಬೋಧಕಿಯವರು ಹೇಳಿದ ಪ್ರಯೋಗವನ್ನು ನಿನ್ನೆ ರಾತ್ರಿ ಮಾಡಿದೆವು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕ್ಲೇಯ ತೂಕ 90 ಗ್ರಾಂ. ದಾರಕ್ಕೆ ಕಟ್ಟಿದ ಉಂಡೆಯನ್ನು ಮಗಳು ನೀರಿನಲ್ಲಿ ಮುಳುಗಿಸಿ ಹಿಡಿದಾಗ ಅಂಕಿ 49 ಮತ್ತು 51ರ ನಡುವೆ ಅಲುಗಾಡುತ್ತಿತ್ತು, ಅವಳ ಕೈ ನಡುಗುವುದು ನಿಂತ ಮೇಲೆ 50ಕ್ಕೆ ನೆಲೆಸಿತು. ಉಂಡೆ ಪಾತ್ರೆಯ ಯಾವ ಭಾಗವನ್ನೂ ಮುಟ್ಟಿರಲಿಲ್ಲ, ಆದರೂ ತಕ್ಕಡಿ 50 ಗ್ರಾಂ ತೋರಿಸಿದ್ದನ್ನು ನೋಡಿ ನಾನೇ ಎರಡು ಸಲ ಬಗ್ಗಿ ನೋಡಿದೆ. ದಾರ ಸಡಿಲಿಸಿ ಉಂಡೆಯನ್ನು ತಳಕ್ಕೆ ಬಿಟ್ಟಾಗ 90 ಬಂತು. ಬಟ್ಟಲು ಮಾಡಿ ತೇಲಿಸಿದಾಗಲೂ 90. ಆಮೇಲೆ ಮಗಳು ತೇಲುವ ಬಟ್ಟಲಿನ ಅಂಚುಗಳನ್ನು ಬೆರಳಿನಿಂದ ಮೆಲ್ಲನೆ ಒತ್ತುತ್ತಾ ಹೋದಳು. 120, 150, 170 ಎಂದು ಏರಿ 178ರ ಹತ್ತಿರ ನೀರು ಅಂಚು ದಾಟಿ ಒಳಗೆ ನುಗ್ಗಿತು, ಬಟ್ಟಲು ಮುಳುಗಿತು, ಬೆರಳು ತೆಗೆದ ಮೇಲೆ ಅಂಕಿ ಮತ್ತೆ 90ಕ್ಕೆ ಬಂದು ನಿಂತಿತು.

ಪಾತ್ರೆಯ ಹೊರಗೆ ಪೆನ್ನಿನಿಂದ ಗೆರೆ ಹಾಕಿದ್ದೆವು. ಬಟ್ಟಲು ತೇಲುತ್ತಿದ್ದಾಗಿನ ನೀರಿನ ಮಟ್ಟ ಉಂಡೆ ತಳದಲ್ಲಿದ್ದಾಗಿನದಕ್ಕಿಂತ ಮೇಲಿತ್ತು. ಕ್ಲೇ ಅಷ್ಟೇ ಇದ್ದರೂ ಹೀಗೇಕೆ?

ಭೌತಶಾಸ್ತ್ರ ಬೋಧಕಿ

ಬಹಳ ಅಚ್ಚುಕಟ್ಟಾಗಿ ಮಾಡಿದ್ದೀರಿ. ನಿಮ್ಮ ಮಗಳ ಮೊದಲ ಪ್ರಶ್ನೆಗೆ ಉತ್ತರ ಈ 50 ಮತ್ತು 90ರ ನಡುವೆಯೇ ಇದೆ.

ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ತೂಗುವುದರಿಂದ, 50 ಎಂಬ ಅಂಕಿ ಉಂಡೆ 50 ಘನ ಸೆಂಟಿಮೀಟರ್ ನೀರನ್ನು ಸರಿಸಿದೆ ಎಂಬುದನ್ನೂ ಹೇಳುತ್ತದೆ, ನೀರು ಅದನ್ನು 50 ಗ್ರಾಂ ಭಾರದಷ್ಟು ಬಲದಿಂದ ಎತ್ತಿ ಹಿಡಿದಿದೆ ಎಂಬುದನ್ನೂ ಹೇಳುತ್ತದೆ. ಉಂಡೆಯ ತೂಕ 90. ಉಳಿದ 40 ಗ್ರಾಂ ಭಾರವನ್ನು ದಾರ, ಅಂದರೆ ನಿಮ್ಮ ಮಗಳ ಕೈ, ಹೊತ್ತಿತ್ತು. ದಾರ ಸಡಿಲಿಸಿದೊಡನೆ ಅದನ್ನು ಹೊರಲು ನೀರಿನಲ್ಲಿ ಯಾರೂ ಇರಲಿಲ್ಲ, ಪಾತ್ರೆಯ ತಳವೇ ಹೊರಬೇಕಾಯಿತು. ಉಂಡೆ ಪೂರ್ತಿ ಮುಳುಗಿಯಾದ ಮೇಲೆ ಇನ್ನಷ್ಟು ನೀರನ್ನು ಸರಿಸಲು ಅದರ ಬಳಿ ಗಾತ್ರವೇ ಉಳಿದಿಲ್ಲ.

ಬಟ್ಟಲಿನ ಸ್ಥಿತಿ ಬೇರೆ. ಅದನ್ನು ನೀರಿನ ಮೇಲಿಟ್ಟಾಗ ಅದೂ ಇಳಿಯಲು ತೊಡಗುತ್ತದೆ, ಇಳಿದಷ್ಟೂ ಹೆಚ್ಚು ನೀರನ್ನು ಸರಿಸುತ್ತದೆ. 90 ಘನ ಸೆಂಟಿಮೀಟರ್ ಸರಿಸಿದ ಕ್ಷಣದಲ್ಲಿ ಮೇಲ್ಮುಖ ಬಲ ತೂಕಕ್ಕೆ ಸಮವಾಗಿ ಅಲ್ಲಿಯೇ ನಿಲ್ಲುತ್ತದೆ. ಬೆರಳಿನಿಂದ ಒತ್ತಿದಾಗ ಇನ್ನೂ 88ರಷ್ಟು ಸರಿಸಲು ಅದಕ್ಕೆ ಅವಕಾಶವಿತ್ತು. ಆಕಾರ ಬದಲಿಸಿದ್ದರಿಂದ ಕ್ಲೇಗೆ ದೊರೆತದ್ದು ಈ ಅವಕಾಶ ಮಾತ್ರ. ನೀರಿನ ಮಟ್ಟ ಮೇಲಿದ್ದದ್ದೂ ಇದಕ್ಕೇ: ಉಂಡೆ ಸರಿಸಿದ್ದು 50, ಬಟ್ಟಲು ಸರಿಸಿದ್ದು 90.

ಹಳೆಯ ಸದಸ್ಯರು ಹೇಳಿದ ಸರಾಸರಿ ಸಾಂದ್ರತೆಯ ನಿಯಮ ಇದರಿಂದಲೇ ಹುಟ್ಟುತ್ತದೆ. ಉಂಡೆಯದು 90 ಭಾಗಿಸು 50, ಅಂದರೆ 1.8, ಬಟ್ಟಲಿನದು 90 ಭಾಗಿಸು 178, ಸುಮಾರು 0.5. ನಿಯಮ ಸರಿ, ಅದನ್ನು ಬಾಯಿಪಾಠದಿಂದ ಆರಂಭಿಸಿದ್ದೇ ತೊಂದರೆ.

ಹಳೆಯ ಸದಸ್ಯ

ಗಾಳಿ ಎತ್ತಿ ಹಿಡಿಯುತ್ತದೆ ಎಂದ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ದ್ರವಗಳ ಬಗ್ಗೆ ಒಂದು ಮಾತು ಸೇರಿಸಬೇಕು. ನಮ್ಮ ಭಾಷೆಯಲ್ಲಿ ಸರಾಗವಾಗಿ ಹರಿಯದ ದ್ರವವನ್ನೂ ಗಟ್ಟಿ ಎನ್ನುತ್ತೇವೆ, ತೂಕವಾದದ್ದನ್ನೂ ಗಟ್ಟಿ ಎನ್ನುತ್ತೇವೆ. ಇದರಿಂದ ಸಾಂದ್ರತೆ ಮತ್ತು ಸ್ನಿಗ್ಧತೆ ಎಂಬ ಎರಡು ಬೇರೆ ಗುಣಗಳು ಕಲಸಿಹೋಗುತ್ತವೆ. ಎಂಜಿನ್ ಎಣ್ಣೆ ನೀರಿಗಿಂತ ಎಷ್ಟೋ ನಿಧಾನವಾಗಿ ಹರಿಯುತ್ತದೆ, ಆದರೂ ನೀರಿನ ಮೇಲೆಯೇ ತೇಲುತ್ತದೆ. ಪಾದರಸ ಚೆಲ್ಲಿದರೆ ಹಿಡಿಯಲು ಸಿಗದಷ್ಟು ಚುರುಕಾಗಿ ಓಡುತ್ತದೆ, ಅದರ ಸಾಂದ್ರತೆ ಮಾತ್ರ ನೀರಿನ 13.5 ಪಟ್ಟಿಗಿಂತ ಹೆಚ್ಚು. ಕಬ್ಬಿಣದ ಬೋಲ್ಟು ಪಾದರಸದಲ್ಲಿ ತನ್ನ ಗಾತ್ರದ ಐದರಲ್ಲಿ ಮೂರು ಭಾಗಕ್ಕಿಂತ ತುಸು ಕಡಿಮೆ ಮುಳುಗಿ ತೇಲುತ್ತದೆ, ಸೀಸವೂ ತೇಲುತ್ತದೆ, ನೀರಿನ 19.3 ಪಟ್ಟು ಸಾಂದ್ರತೆಯ ಚಿನ್ನ ಮುಳುಗುತ್ತದೆ. ಪಾದರಸದ ಆವಿ ವಿಷ, ಆದ್ದರಿಂದ ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು.

ನಿವೃತ್ತ ನೌಕಾ ಎಂಜಿನಿಯರ್

ದ್ರವದ ಸಾಂದ್ರತೆ ಹಡಗಿನವರಿಗೆ ದಿನನಿತ್ಯದ ವಿಷಯ. ಸಮುದ್ರದ ನೀರು ಒಂದು ಘನ ಮೀಟರ್‌ಗೆ ಸುಮಾರು 1,025 ಕಿಲೋಗ್ರಾಂ, ಸಿಹಿನೀರು 1,000. ಒಟ್ಟು 10,000 ಟನ್ ತೂಗುವ ಹಡಗು ನದಿಯಲ್ಲಿ 10,000 ಘನ ಮೀಟರ್ ನೀರನ್ನು ಸರಿಸಬೇಕು, ಸಮುದ್ರದಲ್ಲಿ 9,756 ಘನ ಮೀಟರ್ ಸರಿಸಿದರೆ ಸಾಕು. ಆದ್ದರಿಂದ ಸಮುದ್ರದಿಂದ ನದೀಮುಖದ ಬಂದರಿಗೆ ಬಂದ ಹಡಗು, ಒಂದು ಚೀಲ ಸರಕನ್ನೂ ಹೆಚ್ಚಿಗೆ ಏರಿಸದಿದ್ದರೂ, ಇನ್ನಷ್ಟು ಇಳಿದು ನಿಲ್ಲುತ್ತದೆ.

ಹಡಗುಗಳ ಪಕ್ಕದಲ್ಲಿ ಅಡ್ಡಗೆರೆ ಎಳೆದ ಒಂದು ವೃತ್ತ, ಅದರ ಬಳಿ ಏಣಿಯಂತೆ ಕೆಲವು ಗೆರೆಗಳನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಸಿಹಿನೀರು, ಉಷ್ಣವಲಯದ ಸಮುದ್ರ, ಬೇಸಿಗೆ, ಚಳಿಗಾಲ ಹೀಗೆ ಪ್ರತಿಯೊಂದಕ್ಕೂ ಹಡಗು ಎಲ್ಲಿಯವರೆಗೆ ಮುಳುಗಬಹುದು ಎಂಬ ಮಿತಿ ಅಲ್ಲಿರುತ್ತದೆ. ಮಿತಿಮೀರಿ ಸರಕು ತುಂಬಿ ನಾವಿಕರನ್ನು ಸಾವಿನ ಬಾಯಿಗೆ ಕಳುಹಿಸುತ್ತಿದ್ದುದರ ವಿರುದ್ಧ ಬ್ರಿಟನ್ನಿನ ಸಂಸತ್ ಸದಸ್ಯ ಸ್ಯಾಮುಯೆಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ, 1876ರ ಕಾಯಿದೆ ಅಲ್ಲಿನ ಹಡಗುಗಳಿಗೆ ಇಂತಹ ಗುರುತನ್ನು ಕಡ್ಡಾಯ ಮಾಡಿತು. ಇಂದಿಗೂ ಅದನ್ನು ಪ್ಲಿಮ್ಸಾಲ್ ಗೆರೆ ಎಂದೇ ಕರೆಯುತ್ತಾರೆ.

ನನ್ನ ವೃತ್ತಿಯ ಚಟವೆಂದು ಕ್ಷಮಿಸಿ, ಇನ್ನೊಂದು ಮಾತನ್ನೂ ಹೇಳದಿರಲಾರೆ. ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ನಿನ ಯುದ್ಧನೌಕೆ ವಾಸಾ ತನ್ನ ಮೊದಲ ಯಾನದಲ್ಲಿಯೇ, ದಡದಿಂದ ಒಂದೂವರೆ ಕಿಲೋಮೀಟರ್ ಕೂಡ ಹೋಗುವ ಮುನ್ನ ಮುಳುಗಿತು. ಅದು ತನ್ನ ತೂಕದಷ್ಟು ನೀರನ್ನು ಸರಿಸಿ ಸರಿಯಾಗಿಯೇ ತೇಲುತ್ತಿತ್ತು. ಆದರೆ ಅದರ ಭಾರ ಮೇಲ್ಭಾಗದಲ್ಲಿ ಹೆಚ್ಚಾಗಿತ್ತು. ಒಂದು ಗಾಳಿಯ ಹೊಡೆತಕ್ಕೆ ವಾಲಿದಾಗ ತೆರೆದಿದ್ದ ಕೆಳಸಾಲಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ವಾಲಿದ ಹಡಗಿನ ತೂಕ ಕೆಳಕ್ಕೆ ಎಳೆಯುವ ಬಿಂದುವೂ, ನೀರು ಮೇಲಕ್ಕೆ ತಳ್ಳುವ ಬಿಂದುವೂ ಒಂದೇ ಲಂಬರೇಖೆಯಲ್ಲಿ ಇರುವುದಿಲ್ಲ. ಆ ಜೋಡಿ ಬಲಗಳು ಹಡಗನ್ನು ನೆಟ್ಟಗಾಗಿಸುತ್ತವೆಯೋ ಇನ್ನೂ ಕೆಡವುತ್ತವೆಯೋ ಎಂಬುದು ಒಡಲಿನ ಆಕಾರವನ್ನೂ ಭಾರ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಅವಲಂಬಿಸುತ್ತದೆ. ಅದನ್ನು ಲೆಕ್ಕ ಹಾಕುವ ವಿಧಾನವನ್ನು ಫ್ರಾನ್ಸಿನ ಪಿಯೆರ್ ಬುಗೇರ್ 1746ರಲ್ಲಿ ಪ್ರಕಟಿಸಿದ, ವಾಸಾ ಮುಳುಗಿ ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ. ನಿಮ್ಮ ಮಗಳ ಬಟ್ಟಲಿನ ಒಂದು ಅಂಚಿನ ಮೇಲೆ ಮಾತ್ರ ಭಾರ ಇಟ್ಟು ನೋಡಲು ಹೇಳಿ. 178 ತಲುಪುವ ಬಹಳ ಮೊದಲೇ ಅದು ಮಗುಚುತ್ತದೆ.

ಇತಿಹಾಸಾಸಕ್ತ

ಆಕಾರದ ಮಾತು ಬಂದದ್ದರಿಂದ ಒಂದು ಹಳೆಯ ಜಗಳವನ್ನು ನೆನಪಿಸುತ್ತೇನೆ. 1611ರ ಬೇಸಿಗೆಯಲ್ಲಿ ಫ್ಲಾರೆನ್ಸಿನಲ್ಲಿ ಗೆಲಿಲಿಯೋ ಮತ್ತು ಅರಿಸ್ಟಾಟಲನ ಅನುಯಾಯಿಗಳ ನಡುವೆ ಮಂಜುಗಡ್ಡೆ ಏಕೆ ತೇಲುತ್ತದೆ ಎಂಬ ವಾದ ಹುಟ್ಟಿತು. ಮಂಜುಗಡ್ಡೆ ಗಟ್ಟಿಯಾದ ನೀರು, ಆದ್ದರಿಂದ ಅದು ನೀರಿಗಿಂತ ಭಾರವೇ ಇರಬೇಕು, ತೇಲುವುದಕ್ಕೆ ಅದರ ಚಪ್ಪಟೆ ಆಕಾರ ಕಾರಣ ಎಂದು ಎದುರಾಳಿಗಳು ಹೇಳಿದರು. ಹಾಗಲ್ಲ, ಅದು ನೀರಿಗಿಂತ ಹಗುರ ಎಂದು ಗೆಲಿಲಿಯೋ ಹೇಳಿದ. ಆಗ ಲುಡೋವಿಕೋ ಡೆಲ್ಲೆ ಕೊಲೊಂಬೆ ಎಂಬಾತ ನೀರಿಗಿಂತ ಸಾಂದ್ರವಾದ ಎಬೊನಿ ಮರದ ಗುಂಡನ್ನು ಮುಳುಗಿಸಿ ತೋರಿಸಿ, ಅದೇ ಮರದ ತೆಳುವಾದ ಚಕ್ಕೆಯನ್ನು ತೇಲಿಸಿ ತೋರಿಸಿದ. ಇಲ್ಲಿ ಕ್ಲೇಯ ಉಂಡೆ ಮತ್ತು ಬಟ್ಟಲು ತಂದಿಟ್ಟ ಪೇಚಿನಂಥದ್ದೇ ಪೇಚು ಅದು, ಆದರೆ ಚಕ್ಕೆಗೆ ಎತ್ತಿದ ಅಂಚುಗಳೇ ಇರಲಿಲ್ಲ. ಗೆಲಿಲಿಯೋ 1612ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಉತ್ತರಿಸಲು ಪುಟಗಟ್ಟಲೆ ಬರೆಯಬೇಕಾಯಿತು.

ಮಂಜುಗಡ್ಡೆಯ ವಿಷಯದಲ್ಲಿ ಗೆಲಿಲಿಯೋ ಸರಿ. ಅದರ ಸಾಂದ್ರತೆ ಘನ ಮೀಟರ್‌ಗೆ ಸುಮಾರು 917 ಕಿಲೋಗ್ರಾಂ. ಚಕ್ಕೆಯ ವಿಷಯದಲ್ಲಿ ಇಬ್ಬರಿಗೂ ತಿಳಿಯದಿದ್ದದ್ದು ಮೇಲ್ಮೈ ಸೆಳೆತ, ಅಂದರೆ ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುವ ಗುಣ. ಹೊಲಿಗೆ ಸೂಜಿಯನ್ನು ನೀರಿನ ಮೇಲೆ ಅಡ್ಡಲಾಗಿ ಮೆಲ್ಲನೆ ಇಟ್ಟರೆ ತೇಲುವುದೂ, ಒಂದು ಹನಿ ಸಾಬೂನು ನೀರು ಬಿದ್ದೊಡನೆ ಮುಳುಗುವುದೂ ಅದರಿಂದಲೇ. ಹಾಗಿದ್ದರೂ ಗೆಲಿಲಿಯೋನ ಒಂದು ಗಮನಿಕೆ ಬೆರಗು ಹುಟ್ಟಿಸುತ್ತದೆ: ತೇಲುವ ಚಕ್ಕೆ ನೀರಿನ ಮಟ್ಟಕ್ಕಿಂತ ಕೆಳಗೆ, ಒಂದು ಸಣ್ಣ ಕುಳಿಯಲ್ಲಿ ಕೂತಿರುತ್ತದೆ ಎಂಬುದನ್ನು ಆತ ಕಂಡಿದ್ದ.

ಭೌತಶಾಸ್ತ್ರ ಬೋಧಕಿ

ಆ ಕುಳಿಯನ್ನು ಮರೆಯಬಾರದು. ಸೂಜಿಯ ಸುತ್ತ ತಗ್ಗಿದ ನೀರಿನ ಮೇಲ್ಮೈಯ ಜಾಗವನ್ನೂ ಸೇರಿಸಿ ಒಟ್ಟು ಎಷ್ಟು ನೀರು ಸರಿದಿದೆ ಎಂದು ಲೆಕ್ಕ ಹಾಕಿದರೆ, ಅದರ ತೂಕ ಸೂಜಿಯ ತೂಕಕ್ಕೆ ಸರಿಯಾಗಿಯೇ ಬರುತ್ತದೆ. ಸೂಜಿಯ ಬಟ್ಟಲಿಗೆ ಗೋಡೆ ನೀರಿನದೇ ಮೇಲ್ಮೈ, ಅಷ್ಟೇ ವ್ಯತ್ಯಾಸ.

ಸಂದೇಹಿ

ಆರ್ಕಿಮಿಡೀಸ್ ರಾಜನ ಚಿನ್ನದ ಕಿರೀಟವನ್ನು ನೀರಿಗೆ ಹಾಕಿ, ತುಳುಕಿದ ನೀರನ್ನು ಅಳೆದು ಬೆಳ್ಳಿಯ ಕಲಬೆರಕೆ ಹಿಡಿದ ಎಂಬ ಕಥೆಯಾದರೂ ನಿಜವೇ?

ಇತಿಹಾಸಾಸಕ್ತ

ಆ ಕಥೆ ನಮಗೆ ದೊರೆಯುವುದು ಆತನಿಗಿಂತ ಸುಮಾರು ಇನ್ನೂರು ವರ್ಷ ಈಚಿನ ರೋಮನ್ ವಾಸ್ತುತಜ್ಞ ವಿಟ್ರೂವಿಯಸ್‌ನಿಂದ. ಆರ್ಕಿಮಿಡೀಸ್‌ನ ಉಳಿದುಬಂದ ಬರಹಗಳಲ್ಲಿ ಅದಿಲ್ಲ. ಲೆಕ್ಕ ಹಾಕಿ ನೋಡಿದರೆ ಅನುಮಾನ ಇನ್ನೂ ಬಲವಾಗುತ್ತದೆ. ಒಂದು ಕಿಲೋಗ್ರಾಂ ಶುದ್ಧ ಚಿನ್ನದ ಗಾತ್ರ ಸುಮಾರು 52 ಘನ ಸೆಂಟಿಮೀಟರ್. ಅದರಲ್ಲಿ 300 ಗ್ರಾಂ ತೆಗೆದು ಬೆಳ್ಳಿ ಸೇರಿಸಿದರೆ ಸುಮಾರು 65. ವ್ಯತ್ಯಾಸ 13 ಘನ ಸೆಂಟಿಮೀಟರ್. ಕಿರೀಟ ಹಿಡಿಸುವಂತೆ 20 ಸೆಂಟಿಮೀಟರ್ ಅಗಲದ ಪಾತ್ರೆ ತೆಗೆದುಕೊಂಡರೆ ನೀರಿನ ಮಟ್ಟದಲ್ಲಿ ಕಾಣುವ ವ್ಯತ್ಯಾಸ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ. ಅದರ ಬದಲು ತಕ್ಕಡಿಯ ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಚಿನ್ನ ತೂಗುಹಾಕಿ ಎರಡನ್ನೂ ನೀರಿನಲ್ಲಿ ಇಳಿಸಿದರೆ, ಕಿರೀಟದ ಕಡೆ 13 ಗ್ರಾಂ ಹಗುರವಾಗಿ ಮೇಲೇಳುತ್ತದೆ. 1586ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಗೆಲಿಲಿಯೋ ಇದೇ ವಾದವನ್ನು ಒಂದು ಕಿರುಬರಹದಲ್ಲಿ ಮುಂದಿಟ್ಟಿದ್ದ.

ಪ್ರಶ್ನೆ ಇಟ್ಟವರು

ಇಲ್ಲಿನ ಉತ್ತರಗಳನ್ನೆಲ್ಲ ಮಗಳಿಗೆ ಓದಿ ಹೇಳುತ್ತಿದ್ದೇನೆ. ಅವಳ ಕಡೆಯಿಂದ ಎರಡು ಹೊಸ ಪ್ರಶ್ನೆಗಳು ಬಂದಿವೆ. ತೇಲುವ ಮಂಜುಗಡ್ಡೆ ಕರಗಿದರೆ ನೀರು ಪಾತ್ರೆಯಿಂದ ತುಳುಕುತ್ತದೆಯೇ? ಚಂದ್ರನ ಮೇಲೆ ಅದೇ ಬಟ್ಟಲು ಇನ್ನೂ ಮೇಲೆ ತೇಲುತ್ತದೆಯೇ?

ಭೌತಶಾಸ್ತ್ರ ಬೋಧಕಿ

ಎರಡನೆಯದು ಸುಲಭ. ಚಂದ್ರನ ಮೇಲೆ, ಮುಚ್ಚಿದ ಕೋಣೆಯೊಳಗೆ ಪಾತ್ರೆಯಲ್ಲಿ ನೀರಿಟ್ಟುಕೊಂಡು ನೋಡಿದರೆ, ಬಟ್ಟಲಿನ ತೂಕವೂ ನೀರಿನ ತೂಕವೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ, ಆದ್ದರಿಂದ ಅದು ಇಲ್ಲಿ ಮುಳುಗಿದಷ್ಟೇ ಅಲ್ಲಿಯೂ ಮುಳುಗುತ್ತದೆ. ಆದರೆ ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ತೂಕದ ಅನುಭವವೇ ಇರದ ಕಾರಣ ಆಳಕ್ಕೆ ತಕ್ಕಂತೆ ಒತ್ತಡ ಹೆಚ್ಚುವುದಿಲ್ಲ. ಅಲ್ಲಿ ನೀರಿನೊಳಗಿನ ಗಾಳಿಗುಳ್ಳೆ ಎಲ್ಲಿ ಇತ್ತೋ ಅಲ್ಲಿಯೇ ಇರುತ್ತದೆ. ತೇಲುವುದು, ಮುಳುಗುವುದು ಎಂಬ ಮಾತಿಗೇ ಅಲ್ಲಿ ಅರ್ಥವಿಲ್ಲ.

ಮಂಜುಗಡ್ಡೆ ತನ್ನ ತೂಕದಷ್ಟು ನೀರನ್ನು ಸರಿಸಿ ತೇಲುತ್ತದೆ. ಕರಗಿದಾಗ ಆಗುವುದೂ ಅದೇ ತೂಕದ ನೀರು, ಸರಿಸಿದ ಜಾಗವನ್ನು ತುಂಬಲು ಸರಿಯಾಗಿ ಸಾಕಾಗುವಷ್ಟು. ಸಿಹಿನೀರಿನ ಪಾತ್ರೆಯಲ್ಲಿ ಮಟ್ಟ ಬದಲಾಗುವುದಿಲ್ಲ. ಉಪ್ಪುನೀರಿನಲ್ಲಿ ತೇಲುವ ನೀರ್ಗಲ್ಲಿನ, ಅಂದರೆ ಸಮುದ್ರದ ಬೃಹತ್ ಮಂಜುಗಡ್ಡೆಯ, ವಿಷಯ ತುಸು ಬೇರೆ. 1,000 ಟನ್ನಿನ ನೀರ್ಗಲ್ಲು ಸುಮಾರು 976 ಘನ ಮೀಟರ್ ಸಮುದ್ರದ ನೀರನ್ನು ಸರಿಸುತ್ತದೆ, ಕರಗಿ 1,000 ಘನ ಮೀಟರ್ ಸಿಹಿನೀರಾಗುತ್ತದೆ. ಆ 24 ಘನ ಮೀಟರ್‌ನಷ್ಟು ಮಾತ್ರ ಹೆಚ್ಚು. ನೆಲದ ಮೇಲಿನ ಹಿಮ ಕರಗಿ ಸಮುದ್ರ ಸೇರಿದರೆ ಅದರ ಅಷ್ಟೂ ನೀರು ಹೊಸದಾಗಿ ಸೇರಿದಂತೆ, ಅದು ಬೇರೆಯೇ ಲೆಕ್ಕ.

ನಿವೃತ್ತ ನೌಕಾ ಎಂಜಿನಿಯರ್

ಮಗಳಿಗೆ ನನ್ನದೂ ಒಂದು ಪ್ರಶ್ನೆ ಇರಲಿ. ತೇಲುವ ಬಟ್ಟಲಿನಲ್ಲಿ ಕಬ್ಬಿಣದ ಬೋಲ್ಟುಗಳನ್ನು ಇಟ್ಟು ಪಾತ್ರೆಗೆ ಗೆರೆ ಹಾಕಿಕೊಳ್ಳಿ. ಆಮೇಲೆ ಬೋಲ್ಟುಗಳನ್ನು ಬಟ್ಟಲಿನಿಂದ ತೆಗೆದು ಅದೇ ಪಾತ್ರೆಯ ನೀರಿಗೆ ಹಾಕಿ. ಮಟ್ಟ ಏರುತ್ತದೆಯೋ, ಇಳಿಯುತ್ತದೆಯೋ, ಹಾಗೆಯೇ ಇರುತ್ತದೆಯೋ? ಮಾಡುವ ಮೊದಲು ಉತ್ತರವನ್ನು ಕಾಗದದ ಮೇಲೆ ಬರೆದಿಡಬೇಕು.

ಪ್ರಶ್ನೆ ಇಟ್ಟವರು

ಸರ್, ನಾನು "ಏರುತ್ತದೆ" ಎಂದು ಬರೆದೆ, ಮಗಳು "ಇಳಿಯುತ್ತದೆ" ಎಂದು ಬರೆದಳು. 60 ಗ್ರಾಂ ತೂಗುವ ಎರಡು ಬೋಲ್ಟುಗಳು, 12 ಸೆಂಟಿಮೀಟರ್ ಅಗಲದ ಗಾಜಿನ ಪಾತ್ರೆ. ಬೋಲ್ಟುಗಳು ತಳಕ್ಕೆ ಬಿದ್ದು ಅಲೆ ನಿಂತ ಮೇಲೆ ನೀರು ಮೊದಲಿನ ಗೆರೆಗಿಂತ ನಾಲ್ಕೂವರೆ ಮಿಲಿಮೀಟರ್‌ನಷ್ಟು ಕೆಳಗಿತ್ತು. ಅವಳ ವಿವರಣೆಯನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ: ಬಟ್ಟಲಿನಲ್ಲಿದ್ದಾಗ ಬೋಲ್ಟುಗಳು ತಮ್ಮ ತೂಕಕ್ಕೆ ತಕ್ಕಂತೆ 60 ಘನ ಸೆಂಟಿಮೀಟರ್ ನೀರನ್ನು ಸರಿಸಿದ್ದವು, ತಳಕ್ಕೆ ಬಿದ್ದ ಮೇಲೆ ತಮ್ಮ ಗಾತ್ರದಷ್ಟು ಮಾತ್ರ, ಎಂಟಕ್ಕಿಂತ ತುಸು ಕಡಿಮೆ.

ಬೋಲ್ಟಿನ ಬದಲು ಮರದ ತುಂಡನ್ನು ಬಟ್ಟಲಿನಿಂದ ತೆಗೆದು ನೀರಿಗೆ ಬಿಟ್ಟರೆ ಎಷ್ಟು ಇಳಿಯುತ್ತದೆ ಎಂದು ನಾನು ಕೇಳಿದೆ. "ಅದೂ ತೇಲುತ್ತಲ್ಲ ಅಪ್ಪ, ಗೆರೆ ಅಲ್ಲೇ ಇರತ್ತೆ" ಎಂದು ಹೇಳಿ, ಬೋಲ್ಟುಗಳನ್ನು ಒರೆಸಿ ಡಬ್ಬಿಗೆ ಹಾಕಿದಳು.